ಗುರುವಿಲ್ಲದೆ ಚಿತ್ರಕಲೆ: ಕಲಿಕೆ, ಕೆಲಸದ ಕ್ರಮ ಮತ್ತು ಚಿತ್ರಗಳ ಹಂಚಿಕೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಾವ ಕಲಾಶಾಲೆಯಲ್ಲೂ ಕಲಿತಿಲ್ಲ. ಹೆಚ್ಚಾಗಿ ತೈಲವರ್ಣದಲ್ಲಿ, ಆಗಾಗ ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ನನ್ನ ಚಿತ್ರಗಳನ್ನು ನೋಡಿದವರು ಹಾಗೂ ತಾವೇ ಕುಂಚ ಹಿಡಿಯಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿ, ನನಗೆ ತಿಳಿದಷ್ಟನ್ನು ವಿವರವಾಗಿ ಬರೆದಿದ್ದೇನೆ.

ಶಾಲೆಗೆ ಹೋಗದೆ ಚಿತ್ರಕಲೆಯನ್ನು ಕಲಿಯಲು ನಿಜವಾಗಿಯೂ ಸಾಧ್ಯವೇ?

ಸಾಧ್ಯ, ಮತ್ತು ಅದಕ್ಕೆ ಸಾಕಷ್ಟು ನಿದರ್ಶನಗಳಿವೆ. ಪ್ಯಾರಿಸ್ಸಿನಲ್ಲಿ ಸುಂಕದ ಕಟ್ಟೆಯ ನೌಕರನಾಗಿದ್ದ ಆನ್ರಿ ರೂಸೋ 1886ರಿಂದಲೇ ತನ್ನ ಚಿತ್ರಗಳನ್ನು ಪ್ರದರ್ಶನಕ್ಕೆ ಇಡುತ್ತಿದ್ದ. 1893ರಲ್ಲಿ ಕೆಲಸದಿಂದ ನಿವೃತ್ತನಾದ ಮೇಲೆ ಪೂರ್ತಿಯಾಗಿ ಚಿತ್ರಕಲೆಗೆ ತೊಡಗಿದ. ಅವನ ದಟ್ಟ ಕಾಡುಗಳ ಗಿಡಬಳ್ಳಿಗಳು ಬಹುಪಾಲು ಪ್ಯಾರಿಸ್ಸಿನ ಸಸ್ಯೋದ್ಯಾನದಲ್ಲಿ ನೋಡಿ ಗ್ರಹಿಸಿದಂಥವು. ರವೀಂದ್ರನಾಥ ಠಾಕೂರರು ಹಸ್ತಪ್ರತಿಗಳಲ್ಲಿ ತಾವು ಹೊಡೆದುಹಾಕಿದ ಸಾಲುಗಳನ್ನೇ ಆಕೃತಿಗಳಾಗಿ ಬೆಳೆಸುತ್ತಾ ಬಂದು, ಅರವತ್ತು ದಾಟಿದ ಮೇಲೆ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು.

ಆದರೆ ಈ ಉದಾಹರಣೆಗಳನ್ನು ಕೇಳಿ, ಸ್ವಂತವಾಗಿ ಕಲಿಯುವುದೆಂದರೆ ಯಾರಿಂದಲೂ ಏನನ್ನೂ ಪಡೆಯದಿರುವುದು ಎಂದು ತಿಳಿಯಬಾರದು. ವಿನ್ಸೆಂಟ್ ವ್ಯಾನ್ ಗೋ 1880ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಚಿತ್ರಕಾರನಾಗಲು ನಿರ್ಧರಿಸಿದಾಗ ಮೊದಲು ಕೈಗೆತ್ತಿಕೊಂಡ ಕೆಲಸವೆಂದರೆ ರೇಖಾಭ್ಯಾಸದ ಮುದ್ರಿತ ಹಾಳೆಗಳನ್ನು ಒಂದರ ನಂತರ ಒಂದರಂತೆ ನಕಲು ಮಾಡುವುದು. ಶಾಲೆಯಲ್ಲಿ ಸಿಗುವ ಮುಖ್ಯವಾದ ಸಂಗತಿ ಪಾಠವಲ್ಲ, ಏಕೆಂದರೆ ಪಾಠ ಇಂದು ಪುಸ್ತಕಗಳಲ್ಲಿಯೂ ವಿಡಿಯೋಗಳಲ್ಲಿಯೂ ದೊರೆಯುತ್ತದೆ. ಅಲ್ಲಿ ಬೆನ್ನ ಹಿಂದೆ ನಿಂತು, ‘ಈ ಭುಜ ಮೇಲಕ್ಕೆ ಹೋಗಿದೆ, ಈ ನೆರಳು ತೆಳುವಾಗಿದೆ’ ಎಂದು ತೋರಿಸುವ ಮತ್ತೊಂದು ಜೊತೆ ಕಣ್ಣುಗಳಿರುತ್ತವೆ. ಒಬ್ಬರೇ ಕಲಿಯುವವರು ಆ ಕಣ್ಣುಗಳನ್ನು ತಾವೇ ಒದಗಿಸಿಕೊಳ್ಳಬೇಕು. ಮುಂದಿನ ಉತ್ತರಗಳಲ್ಲಿ ಬಹುಪಾಲು ಇದೇ ಮಾತಿನ ವಿಸ್ತರಣೆಯಾಗಿವೆ.

ತಪ್ಪನ್ನು ತೋರಿಸುವವರು ಇಲ್ಲದಿದ್ದರೆ ಅದು ಕಾಣುವುದು ಹೇಗೆ?

ಗಂಟೆಗಟ್ಟಲೆ ಒಂದೇ ಚಿತ್ರದ ಮುಂದೆ ಕುಳಿತ ಕಣ್ಣು ಅಲ್ಲಿರುವ ದೋಷಗಳಿಗೆ ಒಗ್ಗಿಹೋಗುತ್ತದೆ. ಆದ್ದರಿಂದ ಚಿತ್ರವನ್ನು ಕಣ್ಣಿಗೆ ಮತ್ತೆ ಹೊಸದಾಗಿಸುವ ಉಪಾಯಗಳು ಬೇಕು. ಅವುಗಳಲ್ಲಿ ಅತ್ಯಂತ ಹಳೆಯದು ಮತ್ತು ಇಂದಿಗೂ ಅತ್ಯುತ್ತಮವಾದುದು ಕನ್ನಡಿ. ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿಯೇ ಇದನ್ನು ಸೂಚಿಸಿದ್ದಾನೆ. ಎಡಬಲ ಅದಲುಬದಲಾದ ಚಿತ್ರವನ್ನು ಕಂಡ ಕೂಡಲೇ ಓರೆಯಾದ ಮುಖ, ಒಂದೇ ಕಡೆಗೆ ವಾಲಿದ ಪಾತ್ರೆ, ಸಮವಿಲ್ಲದ ಕಣ್ಣುಗಳು ತಟ್ಟನೆ ಎದ್ದು ಕಾಣುತ್ತವೆ. ನಾನು ಕೆಲಸ ಮಾಡುವ ಜಾಗದಲ್ಲಿ ನನ್ನ ಬೆನ್ನ ಹಿಂದೆ ಕನ್ನಡಿಯನ್ನು ನಿಲ್ಲಿಸಿರುತ್ತೇನೆ. ಕತ್ತು ತಿರುಗಿಸಿದರೆ ಸಾಕು, ಚಿತ್ರ ಇಮ್ಮಡಿ ದೂರದಲ್ಲಿಯೂ ತಿರುವುಮುರುವಾಗಿಯೂ ಕಾಣುತ್ತದೆ.

ಎರಡನೆಯ ಉಪಾಯ, ಚಿತ್ರವನ್ನು ತಲೆಕೆಳಗಾಗಿ ನಿಲ್ಲಿಸುವುದು. ಆಗ ಅದು ಮುಖವೋ ಮರವೋ ಆಗಿ ಉಳಿಯದೆ ಬರಿಯ ಆಕಾರಗಳ ಜೋಡಣೆಯಾಗುತ್ತದೆ, ಹಾಗಾಗಿ ಸಂಯೋಜನೆಯ ತೂಕ ಎತ್ತ ಹೆಚ್ಚಾಗಿದೆ ಎಂಬುದು ತಿಳಿಯುತ್ತದೆ. ಮೂರನೆಯದು, ಫೋನಿನಲ್ಲಿ ಚಿತ್ರದ ಫೋಟೋ ತೆಗೆದು ಅದನ್ನು ಕಪ್ಪುಬಿಳುಪಿಗೆ ಬದಲಾಯಿಸಿ ನೋಡುವುದು. ಬಣ್ಣದ ಸೊಗಸಿನಲ್ಲಿ ಮರೆಯಾಗಿದ್ದ ನೆರಳುಬೆಳಕಿನ ದೌರ್ಬಲ್ಯ ಅಲ್ಲಿ ಅಡಗಲಾರದು. ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಕಾಲ. ಚಿತ್ರವನ್ನು ಕೆಲವು ವಾರ ಗೋಡೆಯ ಕಡೆಗೆ ಮುಖ ಮಾಡಿ ಇಟ್ಟು, ಬಳಿಕ ತಿರುಗಿಸಿದಾಗ ಮೊದಲ ಕ್ಷಣದಲ್ಲಿ ಹೊಳೆಯುವುದನ್ನು ನಾನು ಕೂಡಲೇ ಬರೆದುಕೊಳ್ಳುತ್ತೇನೆ, ಏಕೆಂದರೆ ಕೆಲವೇ ನಿಮಿಷಗಳಲ್ಲಿ ಕಣ್ಣು ಪುನಃ ರಾಜಿಯಾಗಿಬಿಡುತ್ತದೆ.

ಮೊದಲು ರೇಖೆಯನ್ನು ಕಲಿಯಬೇಕೇ, ಬಣ್ಣವನ್ನೇ?

ಎರಡಕ್ಕೂ ಮೊದಲು ಬೆಳಕಿನ ಪ್ರಮಾಣವನ್ನು ಕಲಿಯಿರಿ ಎನ್ನುತ್ತೇನೆ. ಯಾವ ಭಾಗ ಎಷ್ಟು ಕಪ್ಪು, ಎಷ್ಟು ಬಿಳುಪು ಎಂಬುದು ಸರಿಯಾಗಿದ್ದರೆ ಬಣ್ಣ ಸ್ವಲ್ಪ ಆಚೀಚೆಯಾದರೂ ಚಿತ್ರ ನಿಲ್ಲುತ್ತದೆ. ಅದು ತಪ್ಪಿದ್ದರೆ ಎಷ್ಟೇ ಒಳ್ಳೆಯ ಬಣ್ಣವೂ ಚಿತ್ರವನ್ನು ಉಳಿಸಲಾರದು. ಇದ್ದಲಿನ ಕಡ್ಡಿ, ಒರಟು ಕಾಗದ, ಒಂದೇ ಕಡೆಯಿಂದ ಬೆಳಕು ಬೀಳುವ ಒಂದು ಸರಳ ವಸ್ತು, ಇಷ್ಟಿದ್ದರೆ ಸಾಕು. ನೋಡುವಾಗ ಕಣ್ಣನ್ನು ಅರೆ ಮುಚ್ಚಿಕೊಳ್ಳಿ. ವಿವರಗಳೆಲ್ಲ ಕರಗಿ, ಮೂರು ನಾಲ್ಕು ದೊಡ್ಡ ರಾಶಿಗಳು ಮಾತ್ರ ಉಳಿಯುತ್ತವೆ. ಚಿತ್ರಿಸಬೇಕಾದುದು ಮೊದಲು ಅವುಗಳನ್ನು.

ಒಂದು ಚಿತ್ರ ಆರಂಭದಿಂದ ಕೊನೆಯವರೆಗೆ ನಿಮ್ಮ ಕೈಯಲ್ಲಿ ಹೇಗೆ ಬೆಳೆಯುತ್ತದೆ?

ಒಂದು ಉದಾಹರಣೆಯನ್ನೇ ಕೊಡುತ್ತೇನೆ. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಇಳಿಬಿಟ್ಟ ಬಿಳಿ ಬಟ್ಟೆಯನ್ನು ನಾನು ಹಲವು ಸಲ ಚಿತ್ರಿಸಿದ್ದೇನೆ, ಏಕೆಂದರೆ ನೋಡುವುದನ್ನು ಅದರಷ್ಟು ಚೆನ್ನಾಗಿ ಕಲಿಸುವ ವಿಷಯ ಇನ್ನೊಂದಿಲ್ಲ.

ಮೊದಲು ಅಂಗೈಯಗಲದ ಕಾಗದದ ತುಂಡುಗಳಲ್ಲಿ ಪೆನ್ಸಿಲಿನಿಂದ ಕೆಲವು ಚಿಕ್ಕ ಸ್ಕೆಚ್ಚುಗಳನ್ನು ಮಾಡುತ್ತೇನೆ. ಕುರ್ಚಿ ಚೌಕಟ್ಟಿನಲ್ಲಿ ಎಲ್ಲಿರಬೇಕು, ನೆರಳಿನ ರಾಶಿ ಯಾವ ಆಕಾರದ್ದು ಎಂಬ ತೀರ್ಮಾನ ಅಲ್ಲಿಯೇ ಆಗುತ್ತದೆ. ಆಮೇಲೆ ಕ್ಯಾನ್ವಾಸಿಗೆ ತೆಳುವಾದ ಕಂದು ಬಣ್ಣವನ್ನು ಬಳಿದು ಅದರ ಕಣ್ಣು ಕುಕ್ಕುವ ಬಿಳುಪನ್ನು ತಗ್ಗಿಸುತ್ತೇನೆ. ಬಿಳಿ ಹಿನ್ನೆಲೆಯ ಮೇಲೆ ಇಟ್ಟ ಯಾವುದೇ ಬಣ್ಣ ಇರುವುದಕ್ಕಿಂತ ಕಪ್ಪಾಗಿ ಕಾಣುವುದರಿಂದ ಅಂದಾಜು ತಪ್ಪುತ್ತದೆ. ಅದು ಒಣಗಿದ ಮೇಲೆ ದೊಡ್ಡ ಕುಂಚದಿಂದ ನೆರಳಿನ ರಾಶಿಗಳನ್ನಷ್ಟೇ ಹಚ್ಚುತ್ತೇನೆ.

ಇನ್ನು ಬಟ್ಟೆಯ ನೆರಳಿನ ಬಣ್ಣ. ಬಿಳಿ ಬಟ್ಟೆಯ ನೆರಳು ಬೂದು ಎಂದು ಮನಸ್ಸು ಹೇಳುತ್ತದೆ. ಆದರೆ ಕಿಟಕಿಯ ಕಡೆಯ ಮಡಿಕೆಗಳೊಳಗೆ ಆಕಾಶದ ನೀಲಿ ಇಳಿದಿರುತ್ತದೆ, ಕುರ್ಚಿಯ ಮರಕ್ಕೆ ತಾಗಿದ ಅಂಚಿನಲ್ಲಿ ಮರದ ಕೆಂಗಂದು ಪ್ರತಿಫಲಿಸಿರುತ್ತದೆ, ಇವೆರಡರ ನಡುವೆ ಹೆಸರಿಡಲಾಗದ ಒಂದು ತಣ್ಣನೆಯ ಬಣ್ಣವಿರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ, ಬಿಳಿಯಿಂದ ತಿಳಿಗೊಳಿಸಿದರೆ ಇವೆಲ್ಲವೂ ಒಂದೇ ಮಿಶ್ರಣದಿಂದ ಹೊರಡುತ್ತವೆ: ನೀಲಿ ಹೆಚ್ಚಾದರೆ ತಂಪು, ಸಿಯೆನ್ನಾ ಹೆಚ್ಚಾದರೆ ಬೆಚ್ಚಗೆ. ಬೆರೆಸಿದ ಬಣ್ಣವನ್ನು ಪ್ಯಾಲೆಟ್ ನೈಫಿನ ತುದಿಯಲ್ಲಿ ಎತ್ತಿ, ಬಟ್ಟೆಯ ಆ ಭಾಗದ ನೇರಕ್ಕೆ ಹಿಡಿದು, ಒಂದೇ ಕಣ್ಣಿನಿಂದ ಹೋಲಿಸಿದ ನಂತರವೇ ಕ್ಯಾನ್ವಾಸಿಗೆ ಹಚ್ಚುತ್ತೇನೆ. ಹೀಗೆ ಹೋಲಿಸಿ ನೋಡಿದಾಗ, ನೆರಳಿನಲ್ಲಿರುವ ಬಿಳಿ ಬಟ್ಟೆ ಬೆಳಕಿನಲ್ಲಿರುವ ಹಳದಿ ಗೋಡೆಗಿಂತ ಎಷ್ಟೋ ಕಪ್ಪು ಎಂಬುದನ್ನು ಕಂಡು ಹೊಸಬರು ಬೆರಗಾಗುತ್ತಾರೆ.

ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಾಯಿಸುತ್ತವೆ ಎಂಬುದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲಿ ಸವಿಸ್ತಾರವಾಗಿ ನಿರೂಪಿಸಿದ. ನೇಯ್ಗೆಯ ಕಾರ್ಖಾನೆಯ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಅವನಿಗೆ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಾಗ, ದೋಷ ನೂಲಿನಲ್ಲಿಲ್ಲ, ಅದರ ನೆರೆಯ ಬಣ್ಣಗಳಲ್ಲಿದೆ ಎಂದು ಅವನು ಕಂಡುಕೊಂಡ. ಆದ್ದರಿಂದಲೇ ನಾನು ಒಂದು ಮೂಲೆಯನ್ನು ಮುಗಿಸಿ ಇನ್ನೊಂದಕ್ಕೆ ಹೋಗುವುದಿಲ್ಲ. ಇಡೀ ಕ್ಯಾನ್ವಾಸ್ ಒಟ್ಟಿಗೆ ಬೆಳೆಯಬೇಕು. ಮಡಿಕೆಯ ಅಂಚು, ನೂಲಿನ ಎಳೆ, ಮರದ ಹೊಳಪು ಇಂಥ ವಿವರಗಳು ಬರುವುದು ಕಟ್ಟಕಡೆಗೆ, ಅದೂ ಅಗತ್ಯವಿದ್ದಷ್ಟೇ.

ಫೋಟೋ ನೋಡಿಕೊಂಡು ಚಿತ್ರಿಸುವುದು ತಪ್ಪೇ?

ತಪ್ಪಲ್ಲ. ಆದರೆ ಕ್ಯಾಮೆರಾ ನೆರಳುಗಳನ್ನು ಬರಿಯ ಕಪ್ಪಾಗಿಸುತ್ತದೆ, ಪ್ರಖರ ಬೆಳಕನ್ನು ಬರಿಯ ಬಿಳಿಯಾಗಿಸುತ್ತದೆ, ಹತ್ತಿರದ ಮೂಗನ್ನು ದೊಡ್ಡದು ಮಾಡುತ್ತದೆ. ನಿಜವಾದ ವಸ್ತುವಿನ ಮುಂದೆ ಕುಳಿತು ಅಭ್ಯಾಸ ಮಾಡಿದವರು ಈ ಕೊರತೆಯನ್ನು ಗುರುತಿಸಿ ತುಂಬಿಕೊಳ್ಳಬಲ್ಲರು. ಫೋಟೋವನ್ನೇ ನೋಡಿ ಕಲಿತವರು ಅದನ್ನೂ ಪ್ರಾಮಾಣಿಕವಾಗಿ ನಕಲು ಮಾಡುತ್ತಾರೆ. ಫೋಟೋ ಬಳಸುವುದಾದರೆ ನೀವೇ ತೆಗೆದದ್ದನ್ನು ಬಳಸಿ, ಜೊತೆಗೆ ಸ್ಥಳದಲ್ಲಿಯೇ ಬಣ್ಣಗಳ ಒಂದು ಸಣ್ಣ ಟಿಪ್ಪಣಿ ಮಾಡಿಕೊಳ್ಳಿ. ಬೇರೆಯವರು ತೆಗೆದ ಫೋಟೋಗೆ ಅವರ ಅನುಮತಿ ಬೇಕು.

ಎಷ್ಟು ಬಣ್ಣಗಳು ಬೇಕು, ಮತ್ತು ಅವನ್ನು ಆರಿಸುವುದು ಹೇಗೆ?

ಬಿಳಿಯೊಂದು, ಹಳದಿಯೊಂದು, ಕೆಂಪೊಂದು, ನೀಲಿಯೊಂದು, ಮಣ್ಣಿನ ಬಣ್ಣಗಳು ಒಂದೆರಡು. ಇಷ್ಟರಿಂದ ವರ್ಷಗಟ್ಟಲೆ ಕೆಲಸ ಮಾಡಬಹುದು, ಮತ್ತು ಬಣ್ಣಗಳು ಕಡಿಮೆಯಾದಷ್ಟೂ ಚಿತ್ರದ ಹೊಂದಾಣಿಕೆ ಹೆಚ್ಚುತ್ತದೆ.

ಆರಿಸುವಾಗ ಟ್ಯೂಬಿನ ಮೇಲಿನ ಆಕರ್ಷಕ ಹೆಸರಿಗೆ ಮರುಳಾಗದೆ, ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವ ವರ್ಣದ್ರವ್ಯದ ಸಂಕೇತವನ್ನು ಓದಿ. ಅಲ್ಟ್ರಾಮರೀನ್ ನೀಲಿಗೆ ಪಿಬಿ 29 ಎಂಬ ಸಂಕೇತ. ಕಂಪನಿ ಯಾವುದೇ ಆಗಲಿ ಅದು ಬದಲಾಗುವುದಿಲ್ಲ. ಬೆಳಕಿಗೆ ಬಣ್ಣ ಎಷ್ಟು ತಡೆದುಕೊಳ್ಳುತ್ತದೆ ಎಂಬ ದರ್ಜೆಯೂ ಅಲ್ಲಿರುತ್ತದೆ. ಎಎಸ್‌ಟಿಎಂ ಎಂಬ ಅಮೆರಿಕನ್ ಮೂಲದ ಸಂಸ್ಥೆಯ ಮಾನದಂಡದಲ್ಲಿ ಮೊದಲನೆಯ ಮತ್ತು ಎರಡನೆಯ ದರ್ಜೆಯವು ನಂಬಿಕೆಗೆ ಅರ್ಹ. ಅಲಿಝರಿನ್ ಕ್ರಿಮ್ಸನ್, ಅಂದರೆ ಪಿಆರ್ 83, ಮನಸೆಳೆಯುವ ಕೆಂಪಾದರೂ ತೆಳುವಾಗಿ ಹಚ್ಚಿದಾಗ ಮಸುಕಾಗುತ್ತದೆ. ಅದರ ಜಾಗದಲ್ಲಿ ಕ್ವಿನಾಕ್ರಿಡೋನ್ ವರ್ಗದ ಪಿವಿ 19 ಬಳಸುವುದು ಕ್ಷೇಮ.

ಇದು ಅತಿಯಾದ ಎಚ್ಚರಿಕೆಯಲ್ಲ. ವ್ಯಾನ್ ಗೋ 1888ರಲ್ಲಿ ಚಿತ್ರಿಸಿದ ತನ್ನ ಮಲಗುವ ಕೋಣೆಯ ಗೋಡೆಗಳನ್ನು ಪತ್ರದಲ್ಲಿ ತಿಳಿ ನೇರಳೆ ಎಂದು ವರ್ಣಿಸಿದ್ದಾನೆ. ಇಂದು ಅವು ನೀಲಿಯಾಗಿ ಕಾಣುತ್ತವೆ, ಏಕೆಂದರೆ ನೇರಳೆಯಲ್ಲಿ ಬೆರೆತಿದ್ದ ಕೆಂಪು ಕಾಲಕ್ರಮೇಣ ಮಾಸಿಹೋಯಿತು. ಅವನು ಇಟ್ಟ ಬಣ್ಣಗಳ ಸಂಬಂಧವನ್ನು ನಾವು ಯಾರೂ ಅವನು ಕಂಡಂತೆ ಕಾಣಲಾರೆವು ಎಂಬುದು ನನಗೆ ನಿಜವಾದ ನಷ್ಟವೆನಿಸುತ್ತದೆ.

ತೈಲವರ್ಣ ಒಣಗಲು ಎಷ್ಟು ಕಾಲ ಬೇಕು? ಬಿರುಕು ಬಿಡದಂತೆ ಏನು ಮಾಡಬೇಕು?

ಜಲವರ್ಣದಂತೆ ಇದು ಆರಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಅಂಬರ್‌ನಂಥ ಮಣ್ಣಿನ ಬಣ್ಣಗಳು ಬೇಗ, ಐವರಿ ಕಪ್ಪಿನಂಥವು ನಿಧಾನವಾಗಿ ಒಣಗುತ್ತವೆ. ಮುಟ್ಟಿದರೆ ಅಂಟದ ಸ್ಥಿತಿಗೆ ಬರಲು ಕೆಲವು ದಿನಗಳಿಂದ ಎರಡು ವಾರದವರೆಗೆ ಹಿಡಿಯಬಹುದು. ಒಳಗಿನ ಪದರ ಗಟ್ಟಿಯಾಗಲು ತಿಂಗಳುಗಳೇ ಬೇಕು. ಸಾಂಪ್ರದಾಯಿಕ ವಾರ್ನಿಷ್ (ಚಿತ್ರವನ್ನು ಕಾಪಾಡುವ ಪಾರದರ್ಶಕ ಲೇಪ) ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕೆಂಬ ರೂಢಿಗೆ ಇದೇ ಕಾರಣ.

ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಕ್ರಮೇಣ ಹೆಚ್ಚು ಎಂಬುದು ಬಿರುಕು ತಡೆಯಲು ಇರುವ ತೈಲವರ್ಣದ ಮೂಲ ನಿಯಮ. ಅಕ್ರಿಲಿಕ್ ತಳದ ಮೇಲೆ ತೈಲವರ್ಣ ಹಚ್ಚಬಹುದು, ತೈಲವರ್ಣದ ಮೇಲೆ ಅಕ್ರಿಲಿಕ್ ಹಚ್ಚಬಾರದು.

ಒಂದು ಮುಖ್ಯವಾದ ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಅದು ಹೊರಹೋಗಲು ದಾರಿಯಿಲ್ಲದಿದ್ದರೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ.

ಇತರರ ಚಿತ್ರಗಳನ್ನು ನಕಲು ಮಾಡಿ ಕಲಿಯಬಹುದೇ?

ಖಂಡಿತ. ಒಬ್ಬ ಹಿರಿಯ ಚಿತ್ರಕಾರ ಒಂದು ಅಂಚನ್ನು ಏಕೆ ಮಸುಕಾಗಿ ಬಿಟ್ಟ ಎಂಬುದು ನೋಡಿದರೆ ತಿಳಿಯದಿದ್ದರೂ ನಿಮ್ಮ ಕೈಯಿಂದ ಅದನ್ನು ಮಾಡಲು ಹೊರಟಾಗ ತಿಳಿಯುತ್ತದೆ. ಅಂಥ ಅಭ್ಯಾಸದ ನಕಲನ್ನು ಬೇರೆಯವರಿಗೆ ತೋರಿಸುವಾಗ ಮೂಲ ಯಾರದು ಎಂದು ಹೇಳಲೇಬೇಕು. ಬದುಕಿರುವ ಕಲಾವಿದರ ಕೃತಿಯ ನಕಲನ್ನು ಅವರ ಒಪ್ಪಿಗೆಯಿಲ್ಲದೆ ಮಾರಬಾರದು.

ಚಿತ್ರ ಮುಗಿಯಿತೆಂದು ತಿಳಿಯುವುದು ಹೇಗೆ?

ಮುಂದೆ ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳಲಾಗದೆಯೂ ಕೈ ಮಾತ್ರ ತೀಡುತ್ತಲೇ ಇದ್ದರೆ ಕುಂಚವನ್ನು ಕೆಳಗಿಡಬೇಕು. ‘ಬಲಗಡೆಯ ನೆರಳು ಇನ್ನಷ್ಟು ತಂಪಾಗಬೇಕು’ ಎಂಬಂಥ ನಿರ್ದಿಷ್ಟ ವಾಕ್ಯ ಮನಸ್ಸಿನಲ್ಲಿ ಮೂಡಿದರೆ ಮಾತ್ರ ಕೆಲಸ ಬಾಕಿಯಿದೆ ಎಂದರ್ಥ.

ಬರೆಯಲು ಮನಸ್ಸು ಬಾರದ ದಿನಗಳಲ್ಲಿ ಏನು ಮಾಡುತ್ತೀರಿ?

ಕ್ಯಾನ್ವಾಸಿಗೆ ಗೆಸ್ಸೋ (ತಳಕ್ಕೆ ಹಚ್ಚುವ ಬಿಳಿ ಲೇಪ) ಬಳಿಯುತ್ತೇನೆ, ಕುಂಚಗಳನ್ನು ತೊಳೆಯುತ್ತೇನೆ, ಬಣ್ಣಗಳ ಮಿಶ್ರಣದ ಪಟ್ಟಿಗಳನ್ನು ಮಾಡುತ್ತೇನೆ. ಎಷ್ಟೋ ಸಲ ಕೈ ಕೆಲಸಕ್ಕೆ ತೊಡಗಿದ ಮೇಲೆ ಮನಸ್ಸು ಹಿಂಬಾಲಿಸುತ್ತದೆ.

ಚಿತ್ರವನ್ನು ಇತರರಿಗೆ ಯಾವ ಹಂತದಲ್ಲಿ ತೋರಿಸಬೇಕು?

ನನ್ನ ಅಭಿಪ್ರಾಯದಲ್ಲಿ, ನಿಮ್ಮದೇ ಕಣ್ಣು ತನ್ನ ಕೆಲಸವನ್ನು ಮುಗಿಸಿದ ನಂತರ. ಅರ್ಧದಲ್ಲಿರುವ ಚಿತ್ರಕ್ಕೆ ಸಿಗುವ ಮೆಚ್ಚುಗೆ ಅದನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತದೆ, ಏಕೆಂದರೆ ಮೆಚ್ಚಿಸಿಕೊಂಡ ಭಾಗವನ್ನು ಅಳಿಸಲು ಆಮೇಲೆ ಧೈರ್ಯ ಬರುವುದಿಲ್ಲ. ಚಿತ್ರಕ್ಕೆ ಬೇಕಾದದ್ದು ಎಷ್ಟೋ ಸಲ ಆ ಭಾಗವನ್ನೇ ಅಳಿಸುವುದಾಗಿರುತ್ತದೆ.

ತೋರಿಸುವುದೆಂದರೆ ಎಲ್ಲರಿಗೂ ಒಟ್ಟಿಗೆ ತೋರಿಸುವುದೇ ಆಗಬೇಕಿಲ್ಲ. ವ್ಯಾನ್ ಗೋ ತನ್ನ ತಮ್ಮ ಥಿಯೋಗೆ ಬರೆದ ಪತ್ರಗಳಲ್ಲಿ ಚಿತ್ರದ ಚಿಕ್ಕ ಸ್ಕೆಚ್ ಹಾಕಿ, ಯಾವ ಭಾಗಕ್ಕೆ ಯಾವ ಬಣ್ಣ, ಏಕೆ, ಎಂಬುದನ್ನು ವಿವರಿಸುತ್ತಿದ್ದ. ಶ್ರದ್ಧೆಯಿಂದ ನೋಡುವ ಒಬ್ಬರಿಗೆ ಹೀಗೆ ಬರೆದು ತಿಳಿಸುವುದು, ಸಾವಿರ ಮಂದಿ ಕಣ್ಣಾಡಿಸಿ ಹೋಗುವುದಕ್ಕಿಂತ ಹೆಚ್ಚಿನ ಬೆಳವಣಿಗೆಯನ್ನು ಕೊಡುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಹಾಗೆ ತೋರಿಸುವಾಗ ‘ಹೇಗಿದೆ?’ ಎಂದು ಕೇಳಬೇಡಿ. ಸೌಜನ್ಯದ ಉತ್ತರವೇ ಬರುತ್ತದೆ. ‘ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?’ ‘ಇದು ದಿನದ ಯಾವ ಹೊತ್ತು ಅನ್ನಿಸುತ್ತದೆ?’ ಎಂದು ಕೇಳಿ. ಚಿತ್ರಕಲೆಯ ಪರಿಚಯವೇ ಇಲ್ಲದವರೂ ಇದಕ್ಕೆ ನಿಖರವಾಗಿ ಉತ್ತರಿಸಬಲ್ಲರು, ಮತ್ತು ಅವರ ಉತ್ತರ ನಿಮ್ಮ ಉದ್ದೇಶಕ್ಕೆ ಹೊಂದದಿದ್ದರೆ ಸರಿಪಡಿಸಬೇಕಾದ ಜಾಗ ನಿಮಗೇ ಗೊತ್ತಾಗುತ್ತದೆ.

ಚಿತ್ರದ ಫೋಟೋವನ್ನು ಸರಿಯಾಗಿ ತೆಗೆಯುವುದು ಹೇಗೆ?

ಮೋಡ ಕವಿದ ಹಗಲಿನ ಬೆಳಕು ಎಲ್ಲಕ್ಕಿಂತ ಉತ್ತಮ. ಅದು ಚಿತ್ರದ ಮೇಲೆ ಸಮನಾಗಿ ಹರಡುತ್ತದೆ. ಒಳಾಂಗಣದಲ್ಲಾದರೆ ಒಂದೇ ಬಗೆಯ ಎರಡು ದೀಪಗಳನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ಕೋನದಲ್ಲಿ ಇಟ್ಟು, ಉಳಿದ ಬೆಳಕನ್ನೆಲ್ಲ ಆರಿಸಬೇಕು. ಕ್ಯಾಮೆರಾದ ಎತ್ತರ ಚಿತ್ರದ ನಡುಭಾಗಕ್ಕೆ ಸರಿಯಾಗಿರಲಿ, ಮಸೂರದ ಮುಖ ಕ್ಯಾನ್ವಾಸಿಗೆ ಸಮಾನಾಂತರವಾಗಿರಲಿ. ಇಲ್ಲದಿದ್ದರೆ ಆಯತ ಓರೆಯಾಗುತ್ತದೆ. ಫೋನಿನಲ್ಲಿ ತೆಗೆಯುವುದಾದರೆ ಹತ್ತಿರ ಹೋಗದೆ, ಸ್ವಲ್ಪ ದೂರ ನಿಂತು ಜೂಮ್ ಮಸೂರವನ್ನು ಬಳಸಿ. ಚಿತ್ರದ ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಇಟ್ಟು ಒಂದು ಫೋಟೋ ತೆಗೆದುಕೊಂಡರೆ ಬಣ್ಣವನ್ನು ಆಮೇಲೆ ಸರಿಹೊಂದಿಸಲು ಆಧಾರ ಸಿಗುತ್ತದೆ. ಸರಿಹೊಂದಿಸುವಾಗ ಮೂಲ ಚಿತ್ರ ಎದುರಿಗೇ ಇರಲಿ. ಪರದೆಯ ಮೇಲೆ ಬಣ್ಣವನ್ನು ಮೂಲಕ್ಕಿಂತ ಉಜ್ವಲವಾಗಿಸುವುದು ನೋಡುವವರಿಗೆ ಮಾಡುವ ವಂಚನೆ ಎಂದೇ ನಾನು ತಿಳಿದಿದ್ದೇನೆ. ಅಳತೆಯನ್ನೂ ತಪ್ಪದೆ ಬರೆಯಿರಿ, ಏಕೆಂದರೆ ಅಂಗೈಯಗಲದ ಚಿತ್ರವೂ ಗೋಡೆಯಗಲದ ಚಿತ್ರವೂ ಪರದೆಯಲ್ಲಿ ಒಂದೇ ಗಾತ್ರದವು.

ಹಂಚಿಕೊಂಡ ಚಿತ್ರವನ್ನು ಯಾರಾದರೂ ಬಳಸಿಕೊಂಡರೆ? ಹಕ್ಕು ಯಾರದು?

1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಅಂದರೆ ಜಗತ್ತಿನ ಬಹುತೇಕ ದೇಶಗಳಲ್ಲಿ, ಚಿತ್ರ ರಚನೆಯಾದ ಕೂಡಲೇ ಹಕ್ಕುಸ್ವಾಮ್ಯ ರಚಿಸಿದವರಿಗೆ ಸೇರುತ್ತದೆ. ಅದಕ್ಕಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ಒಪ್ಪಂದದ ಪ್ರಕಾರ ಈ ಹಕ್ಕು ರಚಿಸಿದವರ ಜೀವಿತಾವಧಿಯ ನಂತರ ಕನಿಷ್ಠ 50 ವರ್ಷ ಇರುತ್ತದೆ, ಹಲವು ದೇಶಗಳಲ್ಲಿ ಇನ್ನೂ ಹೆಚ್ಚು. ಮೂಲ ಚಿತ್ರವನ್ನು ಮಾರಿದ ಮಾತ್ರಕ್ಕೆ ಅದನ್ನು ಮುದ್ರಿಸಿ ಮಾರುವ ಹಕ್ಕು ಸಾಮಾನ್ಯವಾಗಿ ಕೊಂಡವರಿಗೆ ಹೋಗುವುದಿಲ್ಲ. ಕೊಡುವುದಿದ್ದರೆ ಬರಹದಲ್ಲಿ ಕೊಡಬೇಕು. ಅಪ್ಪಣೆ ಪಡೆಯದೆ ಬಳಸುವವರನ್ನು ಪೂರ್ತಿಯಾಗಿ ತಡೆಯಲಾಗದು. ಆದ್ದರಿಂದ ಹಂಚುವ ಪ್ರತಿ ಉದ್ದದ ಬದಿಗೆ ಒಂದೆರಡು ಸಾವಿರ ಪಿಕ್ಸೆಲ್ ಮೀರದಿರಲಿ, ದೊಡ್ಡ ಪ್ರತಿ ಮತ್ತು ಕೆಲಸದ ಹಂತಗಳ ಫೋಟೋಗಳು ನಿಮ್ಮ ಬಳಿಯೇ ಇರಲಿ. ರಚಿಸಿದವರು ನೀವೇ ಎಂಬುದಕ್ಕೆ ಆ ಹಂತಗಳೇ ಬಲವಾದ ಸಾಕ್ಷ್ಯ. ಚಿತ್ರದ ನಟ್ಟನಡುವೆ ದೊಡ್ಡ ನೀರುಗುರುತು ಹಾಕುವುದನ್ನು ನಾನು ಒಪ್ಪುವುದಿಲ್ಲ, ಅದು ಚಿತ್ರವನ್ನೇ ಮರೆಮಾಡುತ್ತದೆ.

ಮುದ್ರಿತ ಪ್ರತಿಗಳನ್ನು ಮಾರಿದರೆ ಮೂಲದ ಗೌರವ ಕುಗ್ಗುವುದಿಲ್ಲವೇ?

ಕುಗ್ಗುವುದಿಲ್ಲ. ತೈಲವರ್ಣವನ್ನು ಬಹುಪಾಲು ನೋಡಿಯೇ ಕಲಿತ ರಾಜಾ ರವಿವರ್ಮ 1894ರಲ್ಲಿ ಮುದ್ರಣಾಲಯವನ್ನು ಆರಂಭಿಸಿದ್ದರಿಂದ, ಅರಮನೆಗಳ ಗೋಡೆಗಳಲ್ಲಿ ಇರಬಹುದಾಗಿದ್ದ ಚಿತ್ರಗಳು ಸಾಮಾನ್ಯರ ಮನೆಗಳನ್ನು ತಲುಪಿದವು. ಅದರಿಂದ ಅವನ ಮೂಲ ಚಿತ್ರಗಳ ಮೇಲಿನ ಆದರ ಕಡಿಮೆಯಾಗಲಿಲ್ಲ. ಮುದ್ರಿತವಾದುದನ್ನು ಮುದ್ರಿತ ಎಂದೇ ಸ್ಪಷ್ಟವಾಗಿ ಹೇಳಬೇಕು, ಮತ್ತು ಇಂತಿಷ್ಟೇ ಪ್ರತಿಗಳೆಂದು ಮಾತು ಕೊಟ್ಟರೆ ಆ ಸಂಖ್ಯೆಯನ್ನು ಎಂದೂ ಮೀರಬಾರದು. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು; ಅಂದರೆ 30 × 40 ಸೆಂಟಿಮೀಟರ್ ಪ್ರತಿಗೆ ಸುಮಾರು 3,500 × 4,700 ಪಿಕ್ಸೆಲ್. ಆಮ್ಲರಹಿತ ಕಾಗದ ಮತ್ತು ವರ್ಣದ್ರವ್ಯದ ಶಾಯಿಯನ್ನೇ ಕೇಳಿ ಪಡೆಯಿರಿ.

ಕೊಂಡ ಚಿತ್ರವನ್ನು ಮನೆಯಲ್ಲಿ ಹೇಗೆ ಇಡಬೇಕು?

ನೇರ ಬಿಸಿಲು ಬೀಳುವ ಗೋಡೆ, ಒಲೆಯ ಸಮೀಪ, ತೇವದ ಗೋಡೆ ಇವು ಬೇಡ. ವಸ್ತುಸಂಗ್ರಹಾಲಯಗಳು ಕಾಗದದ ಮೇಲಿನ ಜಲವರ್ಣಗಳಿಗೆ ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ), ತೈಲವರ್ಣಗಳಿಗೆ 200 ಲಕ್ಸ್ ಒಳಗಿನ ಬೆಳಕನ್ನು ಇಟ್ಟುಕೊಳ್ಳುತ್ತವೆ; ಜಲವರ್ಣಕ್ಕೆ ಎಷ್ಟು ಹೆಚ್ಚಿನ ಕಾಳಜಿ ಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ಜಲವರ್ಣಕ್ಕೆ ಗಾಜು ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಇರಬೇಕು. ತೈಲವರ್ಣದ ದೂಳನ್ನು ಮೃದುವಾದ ಒಣ ಕುಂಚದಿಂದ ಮಾತ್ರ ತೆಗೆಯಿರಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ.

ಚಿತ್ರದ ಹಿಂಬದಿಯಲ್ಲಿ ಏನನ್ನು ಬರೆಯುತ್ತೀರಿ?

ಶೀರ್ಷಿಕೆ, ವರ್ಷ, ಅಳತೆ, ಬಳಸಿದ ಮಾಧ್ಯಮ, ತಳಕ್ಕೆ ಏನು ಹಚ್ಚಿದ್ದೇನೆ, ವಾರ್ನಿಷ್ ಆಗಿದೆಯೇ, ಆಗಿದ್ದರೆ ಯಾವುದು ಎಂಬ ವಿವರಗಳನ್ನು ಬರೆಯುತ್ತೇನೆ. ಬಹಳ ವರ್ಷಗಳ ನಂತರ ಯಾರಾದರೂ ಆ ಚಿತ್ರವನ್ನು ಶುಚಿಗೊಳಿಸಲು ಅಥವಾ ದುರಸ್ತಿ ಮಾಡಲು ಕೈಗೆತ್ತಿಕೊಂಡರೆ, ಯಾವ ದ್ರಾವಕವನ್ನು ಬಳಸಬಹುದು, ಯಾವುದನ್ನು ಬಳಸಬಾರದು ಎಂದು ನಿರ್ಧರಿಸಲು ಅವರಿಗೆ ಈ ವಿವರಗಳು ನೆರವಾಗುತ್ತವೆ. ಕ್ಯಾನ್ವಾಸಿನ ಬೆನ್ನಿನ ಮೇಲೆ ಒತ್ತಿ ಬರೆದರೆ ಅಕ್ಷರಗಳ ಗುರುತು ಕಾಲಾಂತರದಲ್ಲಿ ಮುಂಭಾಗದ ಬಣ್ಣದ ಪದರದಲ್ಲಿ ಮೂಡಬಹುದಾದ್ದರಿಂದ, ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಬರೆಯುವುದು ಒಳ್ಳೆಯದು.